ತಿರುಗುವ ಸಂಕ ಮತ್ತು ತೋರಿಸದ ಮನೆ

ಹುಡುಗನ ಮನೆ ನೋಡದೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮಂಗಳೂರು ಕಡೆಯ ನಮ್ಮಂಥ ಕೊಂಕಣಿ ಕ್ರೈಸ್ತರಲ್ಲಿ ಮಾತುಕತೆ ಸ್ವಲ್ಪ ಮುಂದೆ ಹೋಯಿತೆಂದರೆ ಹುಡುಗಿಯ ಕಡೆಯವರು ಒಂದು ದಿನ ಹುಡುಗನ ಮನೆಗೆ ಹೋಗುತ್ತಾರೆ. ಗಂಡಸರು ಹೊರಗೆ ಕೂತು ಮಳೆ, ರಾಜಕೀಯ ಮಾತಾಡುತ್ತಾರೆ. ಹೆಂಗಸರು ನೀರು ಕುಡಿಯುವ ನೆಪದಲ್ಲಿ ಒಳಗೆ ನುಗ್ಗಿ ಅಡುಗೆಮನೆ, ಬಚ್ಚಲು, ದೇವರ ಪೀಠ ಎಲ್ಲ ನೋಡಿ ಬರುತ್ತಾರೆ. ನನ್ನ ಮದುವೆಗೆ ಮೊದಲು ನನ್ನ ತಾಯಿ ನನ್ನ ಗಂಡನ ಮನೆಗೆ ಬಂದು ಬಾವಿಯ ಹಗ್ಗ ಕೂಡ ಎಳೆದು ನೋಡಿದ್ದರಂತೆ. ಮಗಳ ಕೈಗೆ ಎಷ್ಟು ಭಾರ ಬೀಳುತ್ತದೆ ಎಂದು ತಿಳಿಯಬೇಕಲ್ಲ.

ಆದ್ದರಿಂದ ಲಂಡನ್ನಿನ ದಕ್ಷಿಣಕ್ಕೆ ಸಟನ್ನಿನಲ್ಲಿರುವ ಹೆಂಗಸು ಫೋನು ಮಾಡಿ, ಹುಡುಗನ ಕಡೆಯವರು ನಮ್ಮನ್ನು ಮನೆಗಲ್ಲ, ಒಂದು ಸೇತುವೆಯ ಹತ್ತಿರ ಬರಲು ಹೇಳಿದ್ದಾರೆ ಎಂದಾಗ ಇದರಲ್ಲಿ ಏನೋ ಸರಿಯಿಲ್ಲ ಅನಿಸಿತು. ಈ ಹೆಂಗಸು ನಮ್ಮ ರೈಬಾರಿ, ಅಂದರೆ ಎರಡು ಕಡೆಯವರ ನಡುವೆ ನಿಂತು ಸಂಬಂಧ ಕೂಡಿಸುವವಳು. ಲಂಡನ್ನಿಗೆ ಬಂದ ಮೇಲೂ ಆ ಕೆಲಸ ಬಿಟ್ಟಿರಲಿಲ್ಲ. ಊರಿನಲ್ಲಿ ನಡೆದು ಮಾಡುತ್ತಿದ್ದದ್ದನ್ನು ಇಲ್ಲಿ ಫೋನಿನಲ್ಲಿ ಮಾಡುತ್ತಿದ್ದಳು.

"ಸಂಕದ ಹತ್ತಿರವಾ? ಎಂತ ಸಂಕ?"

"ತಿರುಗುವ ಸಂಕ ಮಾರಾಯ್ತಿ. ದೋಣಿ ಬಂದರೆ ಇಡೀ ಸಂಕವೇ ಬದಿಗೆ ತಿರುಗ್ತದಂತೆ. ಹಳೇ ಕಾಲದ್ದು. ದೂರದಿಂದೆಲ್ಲ ಜನ ನೋಡ್ಲಿಕ್ಕೆ ಬರ್ತಾರೆ."

"ನಾವು ಹೆಣ್ಣು ಕೊಡುವುದು ಸಂಕಕ್ಕಾ ಮನೆಗಾ?"

"ನೀನೊಂದು. ಮೊದಲು ಮುಖ ನೋಡಿ ಬಾ, ಮನೆ ಎಲ್ಲಿಗೂ ಓಡಿಹೋಗುವುದಿಲ್ಲ."

"ಮನೆ ಎಲ್ಲಿ?"

ಅವಳು ಸ್ವಲ್ಪ ತಡೆದಳು. "ಅಲ್ಲೇ. ಸಂಕದ ಹತ್ತಿರ."

ಮನೆ ಸಂಕದ ಹತ್ತಿರವೇ ಇದ್ದರೆ ನಮ್ಮನ್ನು ಹೊರಗೆ ಗಾಳಿಯಲ್ಲಿ ಯಾಕೆ ನಿಲ್ಲಿಸಬೇಕು? ಈ ಪ್ರಶ್ನೆಯನ್ನು ನನ್ನ ಗಂಡನ ಮುಂದಿಟ್ಟೆ. ಅವರು ವಿಮಾನ ನಿಲ್ದಾಣದ ಗೋದಾಮಿನ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದರು. "ಲಂಡನ್ನಿನಲ್ಲಿ ಎಲ್ಲರೂ ಹೊರಗೇ ಸಿಗುವುದು. ನಿನಗೆ ಎಲ್ಲದರಲ್ಲಿಯೂ ಸಂಶಯ" ಅಂದರು. ಮಗಳನ್ನು ಕೇಳಿದೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಆಗಷ್ಟೇ ಸ್ವಲ್ಪ ಕಾಲವಾಗಿತ್ತು. ಹುಡುಗನೊಡನೆ ಫೋನಿನಲ್ಲಿ ಮಾತಾಡಿದ್ದಳು, ನಮ್ಮ ಒಪ್ಪಿಗೆಯಿಂದಲೇ. "ಇಟ್ಸ್ ಎ ನೈಸ್ ಬ್ರಿಜ್, ಮಮ್ಮಿ" ಎಂದು ಮುಖ ತಿರುಗಿಸಿ ಹೋದಳು.

ನನ್ನ ಸಂಶಯಕ್ಕೆ ಒಂದು ಹೆಸರು ಇತ್ತು. ತೊಂಬತ್ತರ ದಶಕದ ಆರಂಭದಲ್ಲಿ ನಾವು ಲಂಡನ್ನಿನ ಹೌನ್ಸ್ಲೋಗೆ ಬಂದಾಗ ನಮ್ಮ ಬೀದಿಯಲ್ಲಿ ಇನ್ನೊಂದು ಮಂಗಳೂರಿನ ಕುಟುಂಬವಿತ್ತು. ಒಳ್ಳೆಯ ಜನ. ನನಗೆ ಬಸ್ಸು ಹತ್ತಲು ಕಲಿಸಿದ್ದೇ ಆ ಮನೆಯ ಹೆಂಗಸು. ನೋಡನೋಡುತ್ತಿದ್ದಂತೆ ಅವರು ಇಗರ್ಜಿ ಬಿಟ್ಟು, ಪ್ರತಿಮೆ, ದೇವರ ಪೀಠ ಯಾವುದನ್ನೂ ಒಪ್ಪದ ಬಿಲೀವರ್ಸ್ ಪಂಗಡ ಸೇರಿದರು. ಒಂದು ಬೆಳಿಗ್ಗೆ ಮೇರಿ ಮಾತೆಯ ಪ್ರತಿಮೆಯನ್ನು ಟವೆಲಿನಲ್ಲಿ ಸುತ್ತಿ ತಂದು, "ನಮಗೆ ಇದು ಇನ್ನು ಬೇಡ, ನೀವು ಇಟ್ಟುಕೊಳ್ಳಿ" ಎಂದು ನನ್ನ ಕೈಗೆ ಕೊಟ್ಟರು. ಕಸದ ಡಬ್ಬಿಗೆ ಹಾಕಲಿಲ್ಲವಲ್ಲ, ಅದು ದೇವರ ದಯೆ ಅಂದುಕೊಂಡೆ. ಆದರೆ ಆ ಮನೆಗೆ ಆಗಷ್ಟೇ ಮದುವೆಯಾಗಿ ಬಂದಿದ್ದ ಸೊಸೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳಲು ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನನ್ನ ಮುಂದೆ ಹೇಳಿ ಅತ್ತಿದ್ದಳು. ಅವರವರ ನಂಬಿಕೆ ಅವರವರಿಗೆ, ನನಗೆ ಜಗಳವಿಲ್ಲ. ಆದರೆ ನನ್ನ ಮಗಳು ಪ್ರಾರ್ಥನೆಯನ್ನು ಕದ್ದು ಮಾಡಬಾರದು.

ದೇವರ ಪೀಠ ಇಲ್ಲದ ಮನೆ. ಅದಕ್ಕೇ ತೋರಿಸುತ್ತಿಲ್ಲ. ಹಾಗೆಂದು ನಾನು ನಿಶ್ಚಯಿಸಿಬಿಟ್ಟೆ.

ಈಸ್ಟರಿಗೆ ಮೊದಲು ನಾವು ನಲವತ್ತು ದಿನ ವ್ರತ ಹಿಡಿಯುವ ತಪಸ್ಸುಕಾಲಕ್ಕೆ ಮುಂಚಿನ ಶನಿವಾರ ಹೊರಟೆವು. ನಾನು ಹಿಂದಿನ ದಿನವೇ ನೆವ್ರಿ ಕರಿದು ಡಬ್ಬಿಗೆ ತುಂಬಿದ್ದೆ. ಎಳ್ಳು, ಕಾಯಿತುರಿ, ಸಕ್ಕರೆ ತುಂಬಿದ ಕರ್ಜಿಕಾಯಿಗೆ ನಾವು ಹಾಗೆನ್ನುವುದು. ಬರಿಗೈಯಲ್ಲಿ ಹೋಗಬಾರದೆನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಮನಸ್ಸಿನಲ್ಲಿಯೇ ಇತ್ತು. ಟ್ಯೂಬ್ ರೈಲಿನಲ್ಲಿ ಮೂವರಿಗೂ ಸೀಟು ಸಿಕ್ಕಿತು, ಅದು ಸಣ್ಣ ದಯೆಯಲ್ಲ. ಲಂಡನ್ನಿನ ಪಶ್ಚಿಮದ ತುದಿಯಿಂದ ಪೂರ್ವದ ತುದಿಗೆ ಹೋಗಬೇಕಿತ್ತು. ಕೊನೆಗೆ ಹತ್ತಿದ್ದು ಚಾಲಕನಿಲ್ಲದ ಸಣ್ಣ ರೈಲು. ಮುಂದಿನ ಸೀಟಿನಲ್ಲಿ ಮಕ್ಕಳು ತಾವೇ ಓಡಿಸುವವರ ಹಾಗೆ ಕೂತಿದ್ದರು. ಇಳಿಯುವ ತನಕ ನಾನು ಕಂಬ ಬಿಡಲಿಲ್ಲ.

ಹಳೆಯ ಇಟ್ಟಿಗೆಯ ಗೋದಾಮುಗಳ ನಡುವೆ ಒಂದು ಸಣ್ಣ ನದಿ ಬಂದು ಥೇಮ್ಸ್ ಸೇರುವ ಜಾಗ ಅದು. ಅಲ್ಲೇ ಸಂಕ. ಕಬ್ಬಿಣದ್ದು, ಹಸಿರು ಬಣ್ಣ, ದಪ್ಪ ದಪ್ಪ ಮೊಳೆಗಳು. ಒಂದು ದಡದಲ್ಲಿ ದೊಡ್ಡ ಗುಂಡಗಿನ ಕಟ್ಟೆ. ಅದರ ಮೇಲೆ ಇಡೀ ಸಂಕ ಬಾಗಿಲಿನ ಹಾಗೆ ತಿರುಗುತ್ತದಂತೆ. ನೂರು ವರ್ಷ ದಾಟಿದ್ದು ಎಂದು ಬೋರ್ಡು ಹೇಳುತ್ತಿತ್ತು. ಸಂಕ ಎಂದ ಮೇಲೆ ಇದ್ದಲ್ಲಿ ಇರಬೇಕು. ಜನ ನಂಬಿ ಕಾಲಿಡುವ ವಸ್ತುವನ್ನು ಬದಿಗೆ ಸರಿಯುವ ಹಾಗೆ ಯಾಕೆ ಕಟ್ಟುತ್ತಾರೋ ನನಗೆ ಅರ್ಥವಾಗಲಿಲ್ಲ.

ಹುಡುಗನ ಕಡೆಯವರು ಈಚೆ ದಡದಲ್ಲಿಯೇ ಕಾಯುತ್ತಿದ್ದರು. ತಂದೆ ಹಿಂದೆ ಹಡಗಿನಲ್ಲಿ ಅಡುಗೆಯವರಾಗಿದ್ದವರು, ದೊಡ್ಡ ಗಂಟಲು, ಎಲ್ಲರ ಕೈ ಹಿಡಿದು ಕುಲುಕಿದರು. ಹುಡುಗ ಎತ್ತರ, ಮಾತು ಕಡಿಮೆ, ಕಣ್ಣಿನ ಕೆಳಗೆ ಕಪ್ಪು. ಇವನು ಸರಿಯಾಗಿ ನಿದ್ದೆ ಮಾಡುವುದಿಲ್ಲ ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಕುಡಿತವೋ, ಕಂಪ್ಯೂಟರೋ? ತಾಯಿ ದಪ್ಪ ಕೋಟು ಹಾಕಿ ಬೆಂಚಿನ ಮೇಲೆ ಕೂತಿದ್ದರು. ನಾವು ಬಂದಾಗ ಏಳಲಿಲ್ಲ. ಕೋಟಿನ ಜೇಬಿನಿಂದ ಕೈಯನ್ನೂ ತೆಗೆಯಲಿಲ್ಲ. ತಲೆ ಆಡಿಸಿ, "ಬನ್ನಿ, ಬನ್ನಿ" ಅಂದರು, ಅಷ್ಟೆ. ಗಂಡು ಹೆತ್ತ ಗತ್ತು ಎಂದು ನನಗೆ ಕೋಪ ಬಂತು.

"ಮನೆ ಎಲ್ಲಿ ಬರ್ತದೆ?" ಎಂದು ನನ್ನ ಗಂಡ ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು.

ತಂದೆ ಬೆರಳು ತೋರಿಸಿದರು. ನಮ್ಮ ತಲೆಯ ಮೇಲೆಯೇ ಇತ್ತು, ಕೌನ್ಸಿಲಿನ, ಅಂದರೆ ಇಲ್ಲಿಯ ನಗರಸಭೆಯ, ಕಟ್ಟಡದ ಮೂರನೇ ಮಹಡಿ. "ಅದೇ, ಕರ್ಟನ್ ಎಳೆದದ್ದು. ಆಮೇಲೆ ನೋಡುವ. ಸಂಕದ ಆಚೆ ಒಳ್ಳೆಯ ಕೆಫೆ ಉಂಟು, ಟೀ ಅಲ್ಲಿ ಕುಡಿಯುವ."

ಮಧ್ಯಾಹ್ನದ ಹೊತ್ತಿನಲ್ಲಿ ಕರ್ಟನ್ ಎಳೆದ ಮನೆ. ಕೆಳಗೆ ನಿಂತು ಮಾತಾಡುವ ನಾವು. ಟೀ ಮಾತ್ರ ನದಿಯ ಆಚೆ. ನಾನು ಗಂಡನ ಮುಖ ನೋಡಿದೆ. ಅವರು ಸಂಕದ ಮೊಳೆ ನೋಡುತ್ತಿದ್ದರು.

ಅಷ್ಟರಲ್ಲಿ ಸೈರನ್ ಕೂಗಿತು. ಸಂಕ ತಿರುಗುವ ಹೊತ್ತಾಯಿತೆಂದು ತಂದೆ ಅವಸರ ಮಾಡಿದರು. "ಬೇಗ ದಾಟುವ ಮಾರಾಯ್ರೆ, ಆಚೆಯಿಂದ ಚೆಂದ ಕಾಣ್ತದೆ." ನನ್ನ ಗಂಡ, ಮಗಳು, ಹುಡುಗ ಅವರ ಹಿಂದೆ ಹೋದರು. ಹುಡುಗ ಒಮ್ಮೆ ನಿಂತು ತಾಯಿಯ ಕಡೆ ನೋಡಿದ. "ಹೋಗು ಪುತಾ, ನಾನು ಇಲ್ಲೇ ಕೂತಿರ್ತೇನೆ" ಎಂದು ತಾಯಿ ಹೇಳಿ ನನ್ನ ಕಡೆ ತಿರುಗಿದರು. "ನೀವೂ ಹೋಗಿ."

"ನನಗೆ ತಿರುಗುವ ವಸ್ತುವಿನ ಮೇಲೆ ನಂಬಿಕೆ ಇಲ್ಲ. ನಾನೂ ಇಲ್ಲೇ ಕೂರ್ತೇನೆ" ಎಂದು ನಾನು ಬೆಂಚಿನಲ್ಲಿ ಅವರ ಪಕ್ಕ ಜಾಗ ಮಾಡಿಕೊಂಡೆ. ಇವರೊಬ್ಬರೇ ಸಿಗಬೇಕೆಂದೇ ನಾನು ಪ್ರಾರ್ಥಿಸಿದ್ದೆ.

ಅಡ್ಡಗೋಲು ಇಳಿಯಿತು. ಸಂಕ ಒಮ್ಮೆ ನಡುಗಿ, ಸದ್ದೇ ಇಲ್ಲದೆ ಆಚೆ ದಡವನ್ನು ಬಿಟ್ಟು ತಿರುಗತೊಡಗಿತು. ನನ್ನ ಮಗಳು ಅಲ್ಲಿ, ನಾನು ಇಲ್ಲಿ, ನಡುವೆ ಕಂದು ಬಣ್ಣದ ನೀರು. ದೋಣಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಅವಸರವೇ ಇಲ್ಲದೆ.

ನಾನು ನೆವ್ರಿಯ ಡಬ್ಬಿ ತೆರೆದೆ. ತೆರೆದು, ಕೊಡುವ ಮೊದಲು, ಚೆನ್ನಾಗಿ ಕಾಣುವ ಹಾಗೆ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿದೆ. ತಿನ್ನುವ ಮೊದಲು ನಮ್ಮಲ್ಲಿ ಯಾರ ಕೈಯಾದರೂ ತಾನಾಗಿ ಮೇಲೆ ಹೋಗುತ್ತದೆ, ಹೇಳಿಕೊಡಬೇಕಾಗಿಲ್ಲ. ಬಿಲೀವರ್ಸ್ ಹಾಕುವುದಿಲ್ಲ. ಇದೇ ನಾನು ಮನಸ್ಸಿನಲ್ಲಿಟ್ಟುಕೊಂಡು ಬಂದ ಎರಡನೇ ಕಾರಣ.

ಅವರ ಕೈ ಮೇಲೆ ಹೋಗಲಿಲ್ಲ. ಸುಮ್ಮನೆ ಎಡಗೈ ಚಾಚಿ ಒಂದು ನೆವ್ರಿ ತೆಗೆದುಕೊಂಡರು. ಎಡಗೈ. ಮನೆಯಲ್ಲಿ ಮಾಡಿ ತಂದ ತಿಂಡಿಯನ್ನು ಎಡಗೈಯಲ್ಲಿ.

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಮಾತು ಮುಗಿಯಿತು, ಇನ್ನು ಸಂಕ ಮುಚ್ಚಿದ ಕೂಡಲೇ ಮಗಳನ್ನು ಕರೆದುಕೊಂಡು ಹೊರಡುವುದೇ ಎಂದುಕೊಂಡೆ. ನನ್ನ ಮುಖದಲ್ಲಿ ಅದು ಕಂಡಿರಬೇಕು. ಅವರು ನೆವ್ರಿಯನ್ನು ಮಡಿಲಲ್ಲಿ ಇಟ್ಟರು. ಎಡಗೈಯನ್ನು ಬಲಗಡೆಯ ಜೇಬಿಗೆ ಹಾಕಿ, ಒಳಗಿನಿಂದ ಬಲಗೈಯನ್ನು ಎತ್ತಿ ತೆಗೆದರು, ಬೇರೆ ಯಾರದೋ ವಸ್ತುವನ್ನು ತೆಗೆಯುವ ಹಾಗೆ. ಬೆರಳುಗಳು ಮಡಚಿಕೊಂಡಿದ್ದವು. ಆ ಕೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಹಣೆಗೆ ಒಯ್ದರು. ಆಮೇಲೆ ಎದೆಗೆ. ಆಮೇಲೆ ಎಡ ಭುಜಕ್ಕೆ, ಬಲ ಭುಜಕ್ಕೆ. ನಿಧಾನವಾಗಿ, ಒಂದನ್ನೂ ಬಿಡದೆ. ಮುಗಿಸಿ ಕೈಯನ್ನು ಮಡಿಲಲ್ಲಿ ಇಳಿಸಿ ನನ್ನನ್ನು ನೋಡಿದರು.

"ನೀವು ಕಾಯ್ತಾ ಇದ್ದದ್ದು ಇದಕ್ಕಲ್ವಾ?"

ನಾನು ಡಬ್ಬಿಯ ಮುಚ್ಚಳವನ್ನು ಮತ್ತೆ ತೆಗೆದೆ.

"ಹೋದ ವರ್ಷ ಸ್ಟ್ರೋಕ್ ಆಯ್ತು. ಬಲಗೈ ಪೂರ್ತಿ ಹೋಯ್ತು, ಕಾಲು ಅರ್ಧ ಉಳಿಯಿತು. ಬಾಯಿ ಉಳಿಯಿತು, ಅದಕ್ಕೇ ಇವರಿಗೆ ಬೇಸರ" ಎಂದು ಆಚೆ ದಡದಲ್ಲಿ ಕೈ ಬೀಸುತ್ತಿದ್ದ ಗಂಡನ ಕಡೆ ಗಲ್ಲ ತೋರಿಸಿದರು. "ಹೇಳಬೇಡ, ಮೊದಲೇ ಹೇಳಿದರೆ ಹುಡುಗಿಯ ಕಡೆಯವರು ಮೆಟ್ಟಿಲೂ ಹತ್ತುವುದಿಲ್ಲ ಅಂತ ಹೇಳಿದ್ದೇ ಅವರು. ಅದಕ್ಕೇ ಸಂಕ, ಅದಕ್ಕೇ ಕೆಫೆ. ನಾನು ಕೂತೇ ಇದ್ದರೆ ಗೊತ್ತಾಗುವುದಿಲ್ಲವಂತೆ."

ಬಿಲೀವರ್ಸ್ ಅಲ್ಲ ಎಂದು ತಿಳಿದು ಎದೆಯ ಭಾರ ಇಳಿಯಿತು. ಅದು ದೇವರ ದಯೆ ಎಂದು ಹೇಳಿಕೊಳ್ಳುವಷ್ಟರಲ್ಲಿ ಇನ್ನೊಂದು ಭಾರ ಬಂದು ಕೂತಿತು. ಕಾಯಿಲೆಯ ಅತ್ತೆ, ಮುಚ್ಚಿಟ್ಟ ಮನೆ, ನಡುವೆ ನನ್ನ ಮಗಳು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ನಿಮಗೆ ಸೊಸೆ ಬೇಕಾ, ನರ್ಸ್ ಬೇಕಾ?" ಎಂದು ಕೇಳಿದೆ.

ಅವರು ಮುಖ ಸಿಂಡರಿಸಲಿಲ್ಲ. "ನರ್ಸ್ ಥರದವಳನ್ನು ಕೌನ್ಸಿಲ್ ಕಳಿಸ್ತದೆ. ಬೆಳಿಗ್ಗೆ ಬಂದು ಮೈ ತೊಳೆಸಿ ಹೋಗ್ತಾಳೆ, ಸಂಜೆಯೂ ಬರ್ತಾಳೆ. ಮೀನು ಸಾರು ಮಾಡ್ಲಿಕ್ಕೆ ಬರುವುದಿಲ್ಲ, ಅದೊಂದೇ ಕೊರತೆ. ನನ್ನನ್ನು ಬಾತ್‌ರೂಮಿಗೆ ಎತ್ತುವ ಹುಡುಗಿಯ ಮುಖವನ್ನು ಊಟದ ಮೇಜಿನಲ್ಲಿ ನೋಡ್ಲಿಕ್ಕೆ ನನಗೂ ನಾಚಿಕೆ ಇಲ್ವಾ?"

ಚೆನ್ನಾಗಿ ಹೇಳಿದರು. ಆದರೆ ಚೆನ್ನಾಗಿ ಹೇಳುವುದು ಸುಲಭ. "ಮನೆ ನೋಡುವ" ಅಂದೆ.

"ಈಗವಾ? ಗಲೀಜುಂಟು."

"ನಾನು ಬರುವುದೇ ಗಲೀಜು ನೋಡ್ಲಿಕ್ಕೆ."

ಅವರು ನಕ್ಕುಬಿಟ್ಟರು. ಎಡಗೈ ನನ್ನ ಹೆಗಲ ಮೇಲೆ ಹಾಕಿ ಎದ್ದರು. ಆಚೆ ದಡದಲ್ಲಿ ಅವರ ಗಂಡ ಏನೋ ಕೂಗುತ್ತ ಎರಡೂ ಕೈ ಅಡ್ಡಡ್ಡ ಆಡಿಸಿದರು. ಸಂಕ ಇನ್ನೂ ತೆರೆದೇ ಇತ್ತು. ಬೇಕಾದರೆ ಈಜಿಕೊಂಡು ಬರಲಿ ಎಂದು ನಾವಿಬ್ಬರು ಲಿಫ್ಟಿನ ಕಡೆ ನಡೆದೆವು.

ಬಾಗಿಲು ತೆಗೆದ ಕೂಡಲೇ ಆಸ್ಪತ್ರೆಯ ವಾಸನೆ. ಗೋಡೆಯುದ್ದಕ್ಕೂ ಹಿಡಿಗಳು. ಟಿವಿ ಇಡುವ ಕೋಣೆಯಲ್ಲಿಯೇ ಮೇಲೆ ಕೆಳಗೆ ಮಾಡುವ ಮಂಚ, ಅದಕ್ಕೇ ಕರ್ಟನ್ ಎಳೆದದ್ದು. ಅಡುಗೆಮನೆ ಗಂಡಸರು ತೊಳೆದ ಹಾಗಿತ್ತು, ಅಂದರೆ ಮೇಲೆ ಮಾತ್ರ. ದೇವರ ಪೀಠವನ್ನು ಗೋಡೆಯಿಂದ ಇಳಿಸಿ ಮಂಚದ ಪಕ್ಕದಲ್ಲಿ ಸಣ್ಣ ಮೇಜಿನ ಮೇಲೆ ಇಟ್ಟಿದ್ದರು, ಮಲಗಿದವರಿಗೆ ಕಾಣುವ ಎತ್ತರಕ್ಕೆ. ಸಣ್ಣ ದೀಪ ಉರಿಯುತ್ತಿತ್ತು. ನಾನು ಮೊಣಕಾಲೂರಿ ಒಂದು ನಮೋ ಮರಿಯ ಹೇಳಿದೆ. ಅವರು ಮಂಚದ ಅಂಚಿನಲ್ಲಿ ಕೂತು ದನಿಗೂಡಿಸಿದರು. ಎದ್ದು ತಿರುಗಿದಾಗ ಮಂಚಕ್ಕೆ ತಾಗಿಕೊಂಡ ಸೋಫಾದ ಮೇಲೆ ಮಡಚಿಟ್ಟ ಹೊದಿಕೆ, ದಿಂಬು ಕಂಡಿತು.

"ಇಲ್ಲಿ ಯಾರು ಮಲಗುವುದು?"

"ಮಗ."

"ಅವನಿಗೆ ಕೋಣೆ ಇಲ್ವಾ?"

"ಉಂಟು." ಅವರ ದನಿ ಸಣ್ಣದಾಯಿತು. "ರಾತ್ರಿ ನಾನು ಕರೀತೇನಲ್ಲ. ಎಬ್ಬಿಸಿ ಕೂರಿಸಬೇಕು, ಮಗ್ಗುಲು ತಿರುಗಿಸಬೇಕು. ಕೌನ್ಸಿಲಿನವಳು ರಾತ್ರಿ ಇಲ್ಲ."

ಹುಡುಗನ ಕಣ್ಣಿನ ಕೆಳಗಿನ ಕಪ್ಪಿಗೆ ಕಾರಣ ಸಿಕ್ಕಿತು. ಕುಡಿತವಲ್ಲ, ಅದೊಂದು ದಯೆ. ಆದರೆ ಮದುವೆಯಾದ ಮೇಲೆ ಅವನು ಎಲ್ಲಿ ಮಲಗುವುದು? ಅವನು ಕೋಣೆಗೆ ಹೋದರೆ ಇಲ್ಲಿ ಯಾರು ಏಳುವುದು? ಅವನು ಇಲ್ಲೇ ಮಲಗಿದರೆ ನನ್ನ ಮಗಳಿಗೆ ಮದುವೆ ಯಾಕೆ? ನಾನು ಬಾಯಿ ಬಿಟ್ಟು ಕೇಳಲಿಲ್ಲ, ಆದರೂ ಅವರು ತಲೆ ತಗ್ಗಿಸಿದರು. ಈ ಲೆಕ್ಕವನ್ನು ಆ ಮನೆಯಲ್ಲಿ ಯಾರೂ ಹಾಕಿರಲಿಲ್ಲ, ಅಥವಾ ಹಾಕಿ ಸುಮ್ಮನಿದ್ದರು.

ಲಿಫ್ಟಿನ ಸದ್ದಾಯಿತು. ನಾಲ್ವರೂ ಏದುಸಿರು ಬಿಡುತ್ತ ಒಳಗೆ ಬಂದರು. ಹುಡುಗನ ತಂದೆಯ ಮುಖ ಬಿಳಿಚಿಕೊಂಡಿತ್ತು.

"ನೀವು ಕೂತುಕೊಳ್ಳಿ, ಟೀ ಮಾಡ್ತೇನೆ" ಎಂದು ಶುರು ಮಾಡಿದರು.

"ಟೀ ಆಮೇಲೆ. ಮದುವೆ ಆದ ಮೇಲೆ ಇವರಿಗೆ ರಾತ್ರಿ ಯಾರು ಏಳುವುದು?"

ಹುಡುಗ ನೆಲ ನೋಡಿದ. ಆಗ ನನ್ನ ಮಗಳು, "ಮಮ್ಮಿ, ಪ್ಲೀಸ್. ನನಗೆ ಗೊತ್ತಿತ್ತು" ಅಂದಳು.

"ಎಂತ ಗೊತ್ತಿತ್ತು?"

"ಎವ್ರಿಥಿಂಗ್. ಸ್ಟ್ರೋಕ್, ಸೋಫಾ, ಎಲ್ಲ. ಹೀ ಟೋಲ್ಡ್ ಮಿ ದ ಫಸ್ಟ್ ಟೈಮ್. ನಾವು ಟರ್ನ್ ತೆಗೊಳ್ತೇವೆ, ಒಂದು ದಿನ ಅವನು, ಒಂದು ದಿನ ನಾನು."

ಊರವರೆಲ್ಲರನ್ನೂ ಸಂಶಯಿಸಿ ಬಂದಿದ್ದೆ. ರೈಬಾರಿಯನ್ನು, ಹುಡುಗನ ತಂದೆಯನ್ನು, ಸಂಕವನ್ನು. ನನ್ನ ಮನೆಯಲ್ಲೇ ನನ್ನ ಎದುರು ಅನ್ನ ಉಣ್ಣುತ್ತಿದ್ದವಳ ಮೇಲೆ ಒಂದು ದಿನವೂ ಸಂಶಯ ಬಂದಿರಲಿಲ್ಲ. ಆದರೂ ಹುಡುಗ ಅವಳಿಂದ ಮುಚ್ಚಿಡಲಿಲ್ಲ ಎನ್ನುವುದನ್ನು ನಾನು ಗಮನಿಸದೆ ಇರಲಿಲ್ಲ.

"ನೀನು ಸುಮ್ಮನಿರು. ನಿನ್ನ ಟರ್ನ್ ಇನ್ನೂ ಬರಲಿಲ್ಲ" ಎಂದು ಮಗಳಿಗೆ ಹೇಳಿ ತಂದೆಯ ಕಡೆ ತಿರುಗಿದೆ. "ಇವರು ನಿಮ್ಮ ಹೆಂಡತಿ. ಮಗನಿಗಿಂತ, ಸೊಸೆಗಿಂತ ಮೊದಲು ನಿಮಗೆ ಹೆಂಡತಿ. ನೀವು ಯಾಕೆ ಏಳುವುದಿಲ್ಲ?"

"ಏಳ್ತೇನಲ್ಲ" ಅಂದರು ತಂದೆ.

"ಇವರಾ? ಕಟ್ಟಡಕ್ಕೆ ಬೆಂಕಿ ಬಿದ್ದು ಅಲಾರ್ಮ್ ಹೊಡೆದಾಗ ಅಗ್ನಿಶಾಮಕದವರು ಬಂದು ಎಬ್ಬಿಸಬೇಕಾಯ್ತು" ಅಂದರು ಹೆಂಡತಿ ಮಂಚದಿಂದ. ನನ್ನ ಗಂಡ ನಗು ತಡೆಯಲು ಕಿಟಕಿಯ ಕಡೆ ಹೋದರು.

"ಬುಧವಾರ ತಪಸ್ಸುಕಾಲ ಶುರು" ಅಂದೆ. "ಬೇರೆಯವರು ಮಾಂಸ ಬಿಡ್ತಾರೆ. ನೀವು ನಿದ್ದೆ ಬಿಡಿ. ಮಗ ಅವನ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಲಿ, ನೀವು ಈ ಸೋಫಾದಲ್ಲಿ. ಈಸ್ಟರ್ ತನಕ ಹೇಗೂ ನಮ್ಮಲ್ಲಿ ಮದುವೆಯ ಮಾತಿಲ್ಲ. ಹೆಣ್ಣು ಕೊಡುವುದಾ ಇಲ್ವಾ ಅಂತ ಅಷ್ಟರೊಳಗೆ ನಾನು ಹೇಳ್ತೇನೆ."

ವಾಪಸ್ ಬರುವಾಗ ರೈಲಿನಲ್ಲಿ ಮಗಳು ನನ್ನ ಪಕ್ಕದ ಸೀಟು ಬಿಟ್ಟು ತಂದೆಯ ಪಕ್ಕ ಹೋಗಿ ಕೂತಳು.

ಬೂದಿ ಬುಧವಾರದ ಮಾರನೇ ಬೆಳಿಗ್ಗೆಯಿಂದ ಶುರು ಮಾಡಿದೆ. ಬೆಳಗಿನ ಪ್ರಾರ್ಥನೆ ಮುಗಿಸಿ, ಗಂಡನ ಬುತ್ತಿ ಕಟ್ಟಿ, ಫೋನು ಎತ್ತುವುದು. ಹುಡುಗನ ತಾಯಿಯೇ ತೆಗೆದುಕೊಳ್ಳುತ್ತಿದ್ದರು, ಫೋನು ಮಂಚದ ಪಕ್ಕದಲ್ಲಿತ್ತು.

"ನಿನ್ನೆ ರಾತ್ರಿ ಯಾರು ಎದ್ದದ್ದು?"

"ಯಾರೂ ಇಲ್ಲ. ಕರೆದು ಕರೆದು ಗಂಟಲು ಹೋಯ್ತು. ಕೊನೆಗೆ ನೀರಿನ ಲೋಟ ಎತ್ತಿ ಅವರ ಮೇಲೆ ಸುರಿದೆ. ಎಡಗೈಗೂ ಗುರಿ ಉಂಟು ನೋಡಿ."

ಇನ್ನೊಂದು ದಿನ, "ಎದ್ದರು. ಎದ್ದು ನನ್ನ ಹತ್ತಿರ ಬಾರದೆ ಬಾತ್‌ರೂಮಿಗೆ ಹೋದರು." ಮತ್ತೊಂದು ದಿನ, "ಮಗ ಬಂದ. ನಾನು ಬೈದು ವಾಪಸ್ ಕಳಿಸಿದೆ." ಹೀಗೆ ನಡೆಯಿತು. ನಡುನಡುವೆ ಮೀನು ಸಾರಿನ ಮಾತು, ಮೊಣಕಾಲಿನ ಮಾತು, ಇಬ್ಬರ ಗಂಡಂದಿರ ಮಾತು. ನಿಮಗೆ ನನ್ನ ಮೇಲೆ ನಂಬಿಕೆ ಇಲ್ವಾ, ದಿನಾ ಕೇಳ್ತೀರಲ್ಲ ಎಂದು ಒಮ್ಮೆ ಕೇಳಿದರು. ಇಲ್ಲ ಅಂದೆ. ಸರಿ ಅಂದರು.

ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಒಂದು ಬೆಳಿಗ್ಗೆ ಫೋನು ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಗಂಡಸಿನ ದನಿ, ಆ ದೊಡ್ಡ ಗಂಟಲಿನದ್ದೇ, ಆದರೆ ಪಿಸುಗುಟ್ಟುತ್ತಿತ್ತು.

"ನಾನೇ ಎದ್ದದ್ದು. ಅವಳು ಕರೆಯುವ ಮೊದಲೇ ಎದ್ದೆ."

ನನಗೆ ಕೂಡಲೇ ಸಂಶಯ ಬಂತು. "ಫೋನು ಅವರಿಗೆ ಕೊಡಿ."

"ನಿದ್ದೆ ಮಾಡಿದ್ದಾಳೆ. ಇಷ್ಟು ಹೊತ್ತಿನ ತನಕ ಅವಳು ಮಲಗಿದ್ದು ಸ್ಟ್ರೋಕ್ ಆದ ಮೇಲೆ ಇವತ್ತೇ."

"ಒಂದು ಮಾತು ಕೇಳಿ ಬಿಡ್ತೇನೆ. ಎಬ್ಬಿಸಿ."

"ಎಬ್ಬಿಸುವುದಿಲ್ಲ" ಅಂದರು. "ನೀವು ಹೆಣ್ಣು ಕೊಡದಿದ್ದರೂ ಎಬ್ಬಿಸುವುದಿಲ್ಲ" ಎಂದು ಫೋನು ಇಟ್ಟುಬಿಟ್ಟರು.

ಮಗಳು ಕೆಲಸಕ್ಕೆ ಹೊರಟವಳು ಬಾಗಿಲಿನ ಹತ್ತಿರ ಶೂ ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಏನೂ ಹೇಳದೆ, ಅವಳಿಗೆ ಕೇಳುವ ಹಾಗೆಯೇ ಸಟನ್ನಿಗೆ ಫೋನು ಮಾಡಿ, ಈಸ್ಟರ್ ಮುಗಿದ ಮೇಲೆ ಮದುವೆಗೆ ಒಂದು ಒಳ್ಳೆಯ ದಿನ ನೋಡು ಎಂದು ರೈಬಾರಿಗೆ ಹೇಳಿದೆ.